ಟೈಲರ್ ಅಂಗಡಿಗೆ ಬಂದ ಮಾತಾಡುವ ಡಬ್ಬಿ

ನಾನು ಸೋಮವಾರಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು. ಹೊಲಿಗೆ ಸುಮಾರಾಗಿ ಬರುತ್ತದೆ. ಕೇಳಿಸಿಕೊಳ್ಳುವುದು ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ಅಂಗಡಿ ಇಷ್ಟು ವರ್ಷ ನಡೆದದ್ದು ಎರಡನೆಯದರಿಂದಲೇ ಎಂಬ ಗುಮಾನಿ ನನಗಿದೆ. ಅಳತೆ ಕೊಡಲು ನಿಂತವಳು ಎರಡೂ ಕೈ ಅಗಲಿಸಿಕೊಂಡು ಗೋಡೆ ನೋಡುತ್ತಿರುತ್ತಾಳೆ. ಎದುರಿಗೆ ಇನ್ನೊಬ್ಬರ ಮುಖ ಇಲ್ಲದಿದ್ದರೆ ಮಾತು ಸಲೀಸು. ಟೇಪು ಭುಜದ ಮೇಲಿರುವಾಗ ಓರಗಿತ್ತಿಯ ವಿಷಯ ಬರುತ್ತದೆ, ಸೊಂಟಕ್ಕೆ ಇಳಿಯುವಷ್ಟರಲ್ಲಿ ಗಂಡನದು.

ಇಂಥ ಜಾಗಕ್ಕೆ ನನ್ನ ನಾದಿನಿ ಮಂಜುಳಾ ಹುಟ್ಟುಹಬ್ಬದ ಉಡುಗೊರೆಯೆಂದು ಒಂದು ಮಾತಾಡುವ ಡಬ್ಬಿ ತಂದಿಟ್ಟಳು. ದುಂಡಗೆ, ಕುಳ್ಳಗೆ, ಬಾಯಿಗೆ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಭರಣಿಯ ಹಾಗಿತ್ತು. "ಅತ್ತಿಗೆ, ಇದು ಸ್ಮಾರ್ಟು. ಹಾಡು ಅಂದ್ರೆ ಹಾಡತ್ತೆ, ಟೈಮ್ ಕೇಳಿದ್ರೆ ಹೇಳತ್ತೆ. ಒಬ್ರೇ ಕೂತಿರ್ತೀರಲ್ಲ, ಜೊತೆಗಿರ್ಲಿ" ಎಂದು ತಾನೇ ವೈರು ಸಿಕ್ಕಿಸಿ, ನನ್ನ ಫೋನಿಗೂ ಅದಕ್ಕೂ ಪರಿಚಯ ಮಾಡಿಸಿ ಹೋದಳು. ಪ್ರೀತಿಯಿಂದ ತಂದದ್ದು, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ನಾವು ಚಿಕ್ಕವರಿದ್ದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿ ಕ್ರಾಪು ತೆಗೆದವನನ್ನು ಸ್ಮಾರ್ಟ್ ಎನ್ನುತ್ತಿದ್ದೆವು. ಈಗ ಎಲ್ಲರ ಮಾತಿಗೂ ಕಿವಿಗೊಡುವ ವಸ್ತುವಿಗೆ ಆ ಹೆಸರು. ರಾಜರ ಕಾಲದಲ್ಲಿ ಗೂಢಚಾರರಿಗೆ ಅರಮನೆಯಿಂದ ಸಂಬಳ ಹೋಗುತ್ತಿತ್ತು. ಇಲ್ಲಿ ನನ್ನ ಮಾತು ಕೇಳುವವನಿಗೆ ಕರೆಂಟನ್ನೂ ನಾನೇ ಕೊಡಬೇಕು. ಮಂಜುಳಾಗೆ ಬೇಸರವಾದೀತೆಂದು ಅದನ್ನು ಕಪಾಟಿನ ಮೇಲೆ ಹಾಗೇ ಬಿಟ್ಟೆ. ಅದರ ಫಲ ಉಣ್ಣಬೇಕಾಗಿ ಬಂದದ್ದು ಶಾರದಾಗೆ.

ಶಾರದಾ ಶಾಲೆಯ ಟೀಚರು. ಗಂಡ ತೀರಿಕೊಂಡ ಮೇಲೂ ಅತ್ತೆಯ ಜೊತೆಯಲ್ಲೇ ಇದ್ದಾಳೆ. (ಇದು ಅವಳ ನಿಜವಾದ ಹೆಸರಲ್ಲ, ಬರೆಯಲು ಅವಳ ಒಪ್ಪಿಗೆಯಿದೆ.) ಅಂದು ರೇಷ್ಮೆ ಬಟ್ಟೆ ತಂದಿದ್ದಳು. ಟೇಪು ಬೆನ್ನಿಗೆ ಬಂದಾಗ ಮೆಲ್ಲಗೆ ಹೇಳಿದಳು: "ಅಕ್ಕಾ, ಮಡಿಕೇರಿ ಬಸ್ಸಿನ ಡ್ರೈವರ್ ಇದ್ದಾರಲ್ಲ, ಅವರನ್ನ ಮದುವೆ ಆಗೋಣ ಅಂತಿದ್ದೀನಿ. ಅತ್ತೆಗೆ ಇನ್ನೂ ಹೇಳಿಲ್ಲ. ನನ್ನ ಬಾಯಿಂದಾನೇ ಅವರಿಗೆ ಗೊತ್ತಾಗ್ಬೇಕು. ಯಾರಿಗೂ ಹೇಳ್ಬೇಡಿ."

ಯಾವ ಶಬ್ದವನ್ನು ತನ್ನ ಹೆಸರು ಎಂದುಕೊಂಡಿತೋ, ಡಬ್ಬಿಯ ನೆತ್ತಿಯಲ್ಲಿ ನೀಲಿ ದೀಪ ಹತ್ತಿತು. "ಮದುವೆಯ ಸಂಗೀತ ಹಾಕುತ್ತಿದ್ದೇನೆ" ಎಂದು ಸ್ವಚ್ಛ ಕನ್ನಡದಲ್ಲಿ ಘೋಷಿಸಿ, ಬೀದಿಗೆಲ್ಲ ಕೇಳುವಂತೆ ನಾದಸ್ವರ ಊದತೊಡಗಿತು. ನಾನು "ಸಾಕು, ನಿಲ್ಲಿಸು" ಎಂದಷ್ಟೂ ಡೋಲು ಜೋರಾಯಿತು. ಪಕ್ಕದ ಬೇಕರಿಯವನು ಇಣುಕಿದ. "ಏನಕ್ಕಾ, ಯಾರ್ ಮದ್ವೆ?"

"ನಂದೇ ಕಣಪ್ಪಾ, ಇನ್ನೊಂದ್ಸಲ" ಎಂದು ವೈರು ಕಿತ್ತೆ.

ಅವನು ನಕ್ಕ. ಶಾರದಾ ನಗಲಿಲ್ಲ. ಕಪಾಟಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಬಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದಳು. ನಾನೇ ಊರಿಗೆಲ್ಲ ಡಂಗುರ ಹೊಡೆದಷ್ಟು ಸಂಕಟವಾಯಿತು ನನಗೆ.

ಮರುದಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಶನಿವಾರಸಂತೆಯಲ್ಲಿರುವ ಮಂಜುಳಾ ಮನೆಗೆ ಹೋದೆ. ಇದರ ಮುಂದೆ ಅಂಗಡಿಯ ಗುಟ್ಟು ಉಳಿಯುವುದಿಲ್ಲ ಎಂದು ಅದನ್ನು ಮರಳಿ ಕೊಟ್ಟಾಗ ಅವಳ ಮುಖ ಸಣ್ಣದಾಯಿತು. "ನಿಮ್ಮ ಅಂಗಡೀಲಿ ಅಂಥಾ ಗುಟ್ಟು ಏನಿದೆ ಅತ್ತಿಗೆ? ಬ್ಲೌಸ್ ತಾನೆ?"

ಅವಳ ಗಂಡ ಅಲ್ಲೇ ಪೇಪರ್ ಓದುತ್ತಿದ್ದ. ನಾನು ಸ್ವಲ್ಪ ದನಿ ಎತ್ತಿ, "ಬ್ಲೌಸೇ. ಹೋದ ದೀಪಾವಳಿಗೆ ನಿಂದು ಎಷ್ಟು ಬಿಚ್ಚಿ ಅಗಲ ಮಾಡಿದೆ ಅಂದ್ರೆ..." ಎಂದೆ. ಮಂಜುಳಾ ಓಡಿಬಂದು ನನ್ನ ಬಾಯಿ ಮುಚ್ಚಿದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವಳಿಗೆ ನಿಜ ಹೇಳಿದೆ: ಜೊತೆ ಬೇಕೆಂದು ನೀನು ಯೋಚಿಸಿದ್ದು ನನಗೆ ದೊಡ್ಡದು, ಆದರೆ ಅಲ್ಲಿ ಮಾತಾಡುವವರು ನನ್ನೊಬ್ಬಳನ್ನು ನಂಬಿ ಮಾತಾಡುತ್ತಾರೆ. ಇದನ್ನು ಮೊದಲ ದಿನವೇ ಹೇಳಿದ್ದರೆ ಇಷ್ಟು ರಾದ್ಧಾಂತವೇ ಇರಲಿಲ್ಲ. ಉಡುಗೊರೆ ಬೇಡವೆಂದರೆ ಕೊಟ್ಟವರೂ ಬೇಡ ಎಂದಂತಾಗುತ್ತದೆ ಎಂದು ನಾವು ಸುಮ್ಮನೆ ಹೆದರುತ್ತೇವೆ. ಈಗ ಆ ಡಬ್ಬಿ ಅವಳ ಜಗುಲಿಯಲ್ಲಿ ನಾಯಿಯಂತೆ ಬೊಗಳಿ, ಕಣದಲ್ಲಿ ಹರಡಿದ ಮೆಣಸಿನ ಹತ್ತಿರ ಕೋತಿಗಳು ಬಾರದಂತೆ ನೋಡಿಕೊಳ್ಳುತ್ತಿದೆ. ಕೋತಿಗಳ ಕಡೆಯಿಂದ ದೂರು ಬಂದಿಲ್ಲ.

ಸಂತೆಯ ದಿನ ಶಾರದಾ ಬಂದಳು, ಜೊತೆಗೆ ಅವಳ ಅತ್ತೆ! ನಾನು ಕತ್ತರಿ ಕೆಳಗಿಟ್ಟು ಎದ್ದು ನಿಂತೆ. ನಾದಸ್ವರದ ಸುದ್ದಿ ಮನೆ ಮುಟ್ಟುವ ಮೊದಲೇ ಶಾರದಾ ಅಂದೇ ಸಂಜೆ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದ್ದಳಂತೆ.

"ಆ ಹುಡ್ಗನ ಬಸ್ಸಲ್ಲೇ ನಾನು ಆಸ್ಪತ್ರೆಗೆ ಹೋಗಾದು" ಎಂದರು ಆ ಅತ್ತೆ ಅಜ್ಜಿ. "ಬ್ರೇಕು ಎಷ್ಟು ಮೆತ್ತಗೆ ಹಾಕ್ತಾನೆ ಗೊತ್ತಾ? ತುಂಬಿದ ಕಾಫಿ ಲೋಟ ಹಿಡ್ಕಂಡು ಕೂತ್ರೂ ಚೆಲ್ಲಲ್ಲ. ನನಗೂ ಒಂದು ಬ್ಲೌಸ್ ಹೊಲಿ, ಮದ್ವೇಲಿ ಧಾರೆ ಎರೆಯಕ್ಕೆ ನಾನೇ ನಿಂತ್ಕತೀನಿ."

ಸದ್ಯ, ಒಳ್ಳೆಯದೇ ಆಯಿತು. ಹಾಗೆಂದು ಡಬ್ಬಿಯನ್ನು ಹೊಗಳಲಾರೆ. ಆ ಮಾತನ್ನು ಯಾವಾಗ ಹೇಳಬೇಕೆಂದು ಗೊತ್ತುಮಾಡಬೇಕಾದವಳು ಶಾರದಾ. ನಾನು ಕ್ಷಮೆ ಕೇಳಿದೆ. ಅವಳು ನಕ್ಕು, ಕೈ ಅಗಲಿಸಿ ಅಳತೆಗೆ ನಿಂತಳು.

ಆಮೇಲೆ ಅಜ್ಜಿಯ ಸರದಿ. ಅವರು ಗೋಡೆಯ ಕಡೆ ತಿರುಗಿ, "ಶಾರದಾ, ಬೇಕರಿಗೆ ಹೋಗಿ ಬನ್ನು ತಗಂಡ್ ಬಾ ಮಗಾ" ಎಂದರು. ಅವಳು ಹೊರಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ನನ್ನ ಟೇಪು ಇನ್ನೂ ಭುಜದ ಮೇಲಿರುವಾಗಲೇ ಶುರು ಮಾಡಿದರು. ಎಪ್ಪತ್ತು ದಾಟಿದ ಅಜ್ಜಿಯ ಬಳಿ ಅಂಥ ಗುಟ್ಟು ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅದೇನೆಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಬ್ಲೌಸ್ ಬೇಕಿದ್ದರೆ ಬನ್ನಿ, ಹೊಲಿದುಕೊಡುತ್ತೇನೆ.