ಮೇಲಿನ ಕೋಣೆಯವನ ಬಸ್ಸು

ಆಗ ನನಗೆ ಐವತ್ತೈದು. ಅದಾಗಿ ಇಪ್ಪತ್ತು ವರ್ಷ ದಾಟಿತು. ಪುಣೆಯಲ್ಲಿ ನಮ್ಮ ಮೇಲಿನ ಕೋಣೆಗೆ ಬಾಡಿಗೆಗೆ ಬಂದವನ ಬಲಗೈ ಮಣಿಕಟ್ಟಿನ ಕೆಳಗೆ ಕಪ್ಪಗೆ ಜಡ್ಡುಗಟ್ಟಿತ್ತು. ದಿನವಿಡೀ ಮೌಸು ಹಿಡಿದು, ಮೇಜಿನ ಅಂಚಿಗೆ ತಿಕ್ಕಿ ತಿಕ್ಕಿ ಆದದ್ದು. "ಕುಂತು ಮಾಡೋ ಕೆಲಸದಾಗೂ ಕೈ ಜಡ್ಡುಗಟ್ತದೇನಪಾ?" ಎಂದರೆ ನಗುತ್ತಿದ್ದ.

ಧಾರವಾಡದವನು. ಜೊತೆಗೆ ಕಲಿತವರೆಲ್ಲ ಊರಾಚೆ ಹಿಂಜವಾಡಿಯ ದೊಡ್ಡ ಕಂಪ್ಯೂಟರ್ ಕಂಪನಿಗಳನ್ನು ಸೇರಿ ಪರದೇಶದವರ ಕೆಲಸ ಮಾಡುತ್ತಿದ್ದರು. ಇವನಿಗೆ ಇಲ್ಲಿಯವರಿಗೇ ವೆಬ್‌ಸೈಟು ಮಾಡಿಕೊಡುವ ಹುಚ್ಚು. ಧಾರವಾಡಕ್ಕೆ ಬಸ್ಸು ಬಿಡುವ ನಮ್ಮ ಕನ್ನಡದ ಮಾಲಕರೊಬ್ಬರು ಒಪ್ಪಿದರು: ಜನ ಕಂಪ್ಯೂಟರಿನಲ್ಲೇ ಸೀಟು ಹಿಡಿಯಬೇಕು, ಅದೂ ಕನ್ನಡದಲ್ಲಿ. ಇದು ನಡೆದರೆ ಉಳಿದ ಬಸ್ಸಿನವರೂ ಬರುತ್ತಾರೆ, ಇಲ್ಲದಿದ್ದರೆ ತನಗೂ ಹಿಂಜವಾಡಿಯೇ ಗತಿ ಎನ್ನುತ್ತಿದ್ದ.

ಇಂಟರ್ನೆಟ್ಟಿಗೆ ನಮ್ಮ ಮನೆಯ ಫೋನಿನ ತಂತಿಯೇ. ಅವನು ಕೂತರೆ ನಮಗೆ ಯಾರ ಫೋನೂ ಬರುತ್ತಿರಲಿಲ್ಲ. ನಾನು ಬೈಯಲು ಮೇಲೆ ಹೋದರೆ, ಬೈಸಿಕೊಂಡು, ನನ್ನನ್ನೇ ಪರದೆಯ ಮುಂದೆ ಕೂಡಿಸುತ್ತಿದ್ದ. ನಾನು ಕಲಿತದ್ದು ಎರಡನೇ ಇಯತ್ತೆ.

"ಓದ್ರಿ ಕಾಕೂ."

"ಆಸನ ಕಾಯ್ದಿರಿಸಿ. ಆಸನ ಅಂದ್ರ ಊಟಕ್ಕ ಕೂಡೋ ಮಣಿ, ಅದನ್ನ ಕಾಯ್ಕೊಂಡು ಕೂಡ್ಬೇಕೇನು? ಬಸ್ಸಿಗೆ ಹೊಂಟೇವೋ ಊಟಕ್ಕೋ?"

ಅಳಿಸಿ 'ಸೀಟು ಹಿಡೀರಿ' ಎಂದು ಬರೆದ. ನನಗೆ ತಿಳಿಯದ ಮಾತು ಒಂದೂ ಅಲ್ಲಿ ಉಳಿಯಲಿಲ್ಲ.

ದೀಪಾವಳಿಗೆ ವೆಬ್‌ಸೈಟು ಶುರುವಾಯಿತು. ಹಬ್ಬ ಬಂದರೆ ನಮ್ಮ ಮಂದಿ ಮಾಲಕರಿಗೆ ಬಾಯಿಮಾತಿನಲ್ಲಿ "ನಾಕು ಸೀಟು ಇಡ್ರಿ" ಎನ್ನುತ್ತಾರೆ. ಅವರು ಎಲ್ಲರಿಗೂ ಹೂಂ ಎನ್ನುತ್ತಾರೆ. ಅರ್ಧ ಜನ ಬರುವುದಿಲ್ಲ. ಬರುವುದಿಲ್ಲ ಎಂದು ಹೇಳುವುದೂ ಇಲ್ಲ. ಮೊದಲಾದರೆ ಮಾಲಕರು ಹೊರಡುವ ಹೊತ್ತಿಗೆ ನಿಂತವರನ್ನು ಹತ್ತಿಸಿಬಿಡುತ್ತಿದ್ದರು. ಈ ಸಲ ಹೂಂ ಎಂದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದರು.

"ಟಿಕೇಟ್ ತಗೊಂಡವರದಷ್ಟ ಹಾಕೋಣ್ರಿ" ಎಂದು ಇವನು ಬೇಡಿಕೊಂಡ.

"ನಮ್ಮ ಮಂದೀನ ನಂಬೂದಿಲ್ಲೇನು ನೀ?" ಎಂದು ಗದರಿದರು.

ಎಲ್ಲ ಬಸ್ಸೂ ಫುಲ್ ಎಂದು ತೋರಿಸಿತು. ನಿಜವಾಗಿ ಹೋಗಬೇಕಾದವರು ಅದನ್ನು ನೋಡಿ ಬೇರೆ ಬಸ್ಸು ಹಿಡಿದರು. ಇವರ ಬಸ್ಸುಗಳು ಅರ್ಧ ಖಾಲಿ ಹೋದವು.

ಮಾಲಕರು ನಮ್ಮ ಅಂಗಳದಲ್ಲೇ ನಿಂತು, "ಮನಿಯಾಗ ಕುಂತು ಮಾಡಿದ್ದು ಹಿಂಗ ಇರ್ತದ. ದೊಡ್ಡ ಕಂಪನೀಗೆ ಕೊಡಬೇಕಿತ್ತು" ಎಂದರು. ಕೊಟ್ಟರು ಕೂಡ. ಅಲ್ಲಿಯವರು ಇಂಗ್ಲಿಷಿನಲ್ಲಿ ಮಾಡಿದರು. ಭಾಳ ಛಲೋ ಅದ ಎಂದರು ಎಲ್ಲರೂ.

ಇವನು ಹಿಂಜವಾಡಿ ಸೇರಿದ. ಕಂಪನಿ ಗಾಡಿ ಬಂದು ಒಯ್ಯುತ್ತಿತ್ತು. ಅಲ್ಲೇನು ಮಾಡುತ್ತೀ ಎಂದು ಕೇಳಿದೆ.

"ಯಾವುದೋ ದೇಶದಾಗ ನಾಯಿ ತಿನಿಸು ಮಾರೋರದ್ರಿ ಕಾಕೂ. ನೀವು ಓದೋ ಹಂಗ ಏನೂ ಇಲ್ಲ."

ಆಮೇಲೆ ಅವನು ನನ್ನನ್ನು ಮೇಲೆ ಕರೆಯಲಿಲ್ಲ. ನಾಲ್ಕೈದು ವರ್ಷಕ್ಕೆ, ಮತ್ತೊಂದು ದೀಪಾವಳಿಯ ಮುಂದೆ, ಆಫೀಸಿನ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ನಲವತ್ತೂ ಆಗಿರಲಿಲ್ಲ. ಹೆಣವನ್ನು ಆ ರಾತ್ರಿಯೇ ಧಾರವಾಡಕ್ಕೆ, ಅವರವ್ವನ ಹತ್ತಿರ ಒಯ್ದರು.

ಮರುದಿನ ಬೆಳಿಗ್ಗೆ ಧಾರವಾಡಕ್ಕೆ ಹೊರಟು ನಾನು ಅದೇ ಮಾಲಕರ ಬಸ್ಸಿನ ಆಫೀಸಿಗೆ ಹೋದೆ. ಕೌಂಟರಿನವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಒಂದಕ್ಷರ ತಿಳಿಯಲಿಲ್ಲ.

"ಫುಲ್ ಅದರೀ ಅಜ್ಜಿ."

"ಯಾರು ಹಿಡಿದಾರ?"

"ಮಾಲಕರು ಹೇಳಿ ಇಡಿಸ್ಯಾರ್ರೀ."

ನಾನು ಬಸ್ಸು ಹತ್ತಿ, ಹಾಗೆ ಇಡಿಸಿದ್ದ ಸೀಟೊಂದರಲ್ಲಿ ಕಿಟಕಿಯ ಪಕ್ಕ ಕೂತೆ. ಧಾರವಾಡ ಬರುವ ತನಕ, ನನ್ನ ಸೀಟು, ಏಳ್ರಿ ಎನ್ನಲು ಯಾರೂ ಬರಲಿಲ್ಲ.