ಮೇಷ್ಟ್ರು ಎರಕ ಹೊಯ್ದ ಮೆದುಳು

ಹರಳೆಣ್ಣೆ ಮೆತ್ತಿದ ಮೇಷ್ಟ್ರ ಸಣಕಲು ಬೆರಳುಗಳಿಂದ ಬುರುಡೆ ಜಾರಬಹುದಿತ್ತು. ಎಣ್ಣೆ ಸವರಿದ್ದರೂ ಪ್ಲಾಸ್ಟರ್ ಬುರುಡೆಯೊಳಗೇ ಕಚ್ಚಿಕೊಳ್ಳಬಹುದಿತ್ತು. ಹೊಯ್ಯುವಾಗಲೇ ಮೇಷ್ಟ್ರಿಗೆ ಕೆಮ್ಮು ಒತ್ತರಿಸಿ ಬರಬಹುದಿತ್ತು. ಮನೆಯಲ್ಲಿ ತಲೆಬುರುಡೆ ಇಟ್ಟುಕೊಂಡು ಮಾಟ ಮಾಡುತ್ತಾರೆಂದು ಹೊಸಪೇಟೆಯ ಆ ಓಣಿಯವರೆಲ್ಲ ಬಾಗಿಲಿಗೆ ಬರಬಹುದಿತ್ತು. ಇದನ್ನೆಲ್ಲ ನಾನು ಹಿಂದಿನ ವಾರವೇ ಚಿಂತಿಸಿ ಮುಗಿಸಿದ್ದೆ. ಚಿಂತೆಯ ಕೆಲಸದಲ್ಲಿ ನಾನು ಎಂದೂ ತಡಮಾಡಿದವನಲ್ಲ.

ನಾನಾಗ ಶಾಲೆಗೆ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟ್ರು, ಅವರು ವಿಜ್ಞಾನದವರು. ಕ್ಷಯ ಅವರನ್ನು ಅರ್ಧ ತಿಂದಿತ್ತು. ಮೂಡಣ ಸೀಮೆಯ ಸುಣ್ಣಕಲ್ಲಿನ ಗವಿಯೊಂದರಲ್ಲಿ ಸಿಕ್ಕ ಬುರುಡೆ ಎರಡು ಹೋಳಾಗಿ ಅವರ ಮೇಜಿನ ಮೇಲಿತ್ತು. ಎಂದೋ ಅಳಿದುಹೋದ ಘೇಂಡಾಮೃಗದ್ದು. ಮೆದುಳು ಮಣ್ಣಾಗಿದ್ದರೂ ಅದು ಕೂತಿದ್ದ ಗೂಡು ಉಳಿದಿತ್ತು. ಅದಕ್ಕೆ ಪ್ಲಾಸ್ಟರ್ ಹೊಯ್ದು ತೆಗೆದರೆ ಮೆದುಳಿನ ಆಕಾರ ಸಿಗುತ್ತದೆ. ಅದರ ಯಾವ ಭಾಗ ಉಬ್ಬಿದೆ ಎಂಬುದರಿಂದ ಪ್ರಾಣಿ ಮೂಗಿನಿಂದ ಬದುಕಿತ್ತೋ ಕಣ್ಣಿನಿಂದಲೋ ತಿಳಿಯುತ್ತದೆ. ಸಾಯುವುದರೊಳಗೆ ಅದನ್ನು ನೋಡಬೇಕು ಎಂಬುದೊಂದೇ ಅವರ ಆಸೆ.

"ಎಲುಬಿಗೆ ಸುಳ್ಳು ಹೇಳಾಕ ಬರಂಗಿಲ್ಲ, ತಮ್ಮಾ," ಅನ್ನುತ್ತಿದ್ದರು. ಹೊಸ ಪುಸ್ತಕವನ್ನೂ ಮೊದಲು ಮೂಸಿ ಆಮೇಲೆ ಓದುವ ಮನುಷ್ಯ. ಎರಕದ ವಿದ್ಯೆ ಕಲಿತದ್ದು ಕಂಪ್ಲಿಯ ಆಲೆಮನೆಯಲ್ಲಿ, ಬೆಲ್ಲದ ಅಚ್ಚು ನೋಡಿ.

ಹೊಯ್ದಾಯಿತು. "ಗಟ್ಟಿ ಆಗೋತನಕ ಮುಟ್ಟಬ್ಯಾಡ. ಬೆಲ್ಲದಂಗನ ಇದು, ಅವಸರ ಮಾಡಿದ್ರ ಕೆಡತೈತಿ," ಎಂದು ಹೇಳಿ, ಬಾಯಿಗೆ ವಸ್ತ್ರ ಹಿಡಿದು ಕೆಮ್ಮಲು ಹಿತ್ತಲಿಗೆ ಹೋದರು.

ಅಂಟಿಕೊಂಡುಬಿಟ್ಟರೆ? ನಾನು ಕಾಯಲಿಲ್ಲ, ಎಳೆದೆ. ಬಂತು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾವ ಕಾಲದಲ್ಲೋ ಸತ್ತ ಪ್ರಾಣಿಯ ಮೆದುಳು ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಹೆದರಿ ಬಿಗಿಹಿಡಿದೆ, ಇನ್ನೂ ಪೂರ್ತಿ ಗಟ್ಟಿಯಾಗದ ಎರಕದೊಳಗೆ ಹೆಬ್ಬೆರಳು ಇಳಿಯಿತು.

ಮೇಷ್ಟ್ರು ಬಂದವರೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೋಡಲೇ! ವಾಸನಿ ಭಾಗದಾಗ ತಗ್ಗೈತಿ! ಹಿಂಗ ಯಾವ ಘೇಂಡಾಮೃಗಕ್ಕೂ ಇಲ್ಲ. ಇದು ಬ್ಯಾರೇನ ಜಾತಿ, ತಮ್ಮಾ!"

"ಸರ, ಅದು..."

"ಮಾತು ಬ್ಯಾಡ. ಚಿತ್ರ ಬರಿ, ಜಲ್ದಿ."

ಎರಕದಲ್ಲಿ ತಗ್ಗಿದ್ದರೆ ಬುರುಡೆಯಲ್ಲಿ ಅದೇ ಜಾಗದಲ್ಲಿ ಉಬ್ಬಿರಬೇಕು; ಬುರುಡೆಯೊಳಗೆ ಒಮ್ಮೆ ಬೆರಳಾಡಿಸಿದ್ದರೆ ಅಲ್ಲಿ ಉಬ್ಬಿಲ್ಲವೆಂದು ತಿಳಿಯುತ್ತಿತ್ತು. ಅವರು ಆಡಿಸಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಕೆಮ್ಮಿನದೇ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಆ ಚಿತ್ರವನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಅವರು ಅದೇ ತಿಂಗಳು ತೀರಿಕೊಂಡರು. ಅಷ್ಟು ಸಂತೋಷದಿಂದ ಸತ್ತವರನ್ನು ನಾನು ಮತ್ತೆ ಕಂಡಿಲ್ಲ. ಅಂಥ ನೆಮ್ಮದಿಯ ನಿದ್ದೆ ನನಗೆ ಇವತ್ತಿಗೂ ಬಂದಿಲ್ಲ. ಆ ಚಿತ್ರ ಬರೆಯುವಾಗ ಎರಕದ ತಗ್ಗಿನ ತಳದಲ್ಲಿ ನನ್ನ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವನ್ನಷ್ಟೇ ಬಿಟ್ಟು, ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಬರೆದೆ.