ತಮ್ಮನ ಕಾರಿಗೊಂದು ಕ್ಯಾಮ್‌ಶಾಫ್ಟ್

ಗ್ಯಾರೇಜುಗಳ ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಡಾಕ್ಟ್ರಮ್ಮ ಅಂತಲೇ ಕರೆಯುತ್ತಿದ್ದರು. ಅಪ್ಪ ಬಿಟ್ಟುಹೋದ ಗ್ಯಾರೇಜಿನಲ್ಲಿ ರೇಸ್ ಕಾರುಗಳ ಇಂಜಿನ್ ಬಿಚ್ಚಿ ಕಟ್ಟುವುದು ಅವಳ ಕಸುಬು. ಅವನ್ನು ಓಡಿಸುವುದು ತಮ್ಮನ ಹುಚ್ಚು. ನೆಟ್ಟಗಿನ ರಸ್ತೆ, ಅಕ್ಕಪಕ್ಕ ಎರಡು ಕಾರು, ಹಸಿರು ದೀಪ ಹತ್ತಿದ ಕೂಡಲೇ ಬಾಣದಂತೆ ಬಿಡುವ ಆಟ ಅದು. ಉಸಿರು ಬಿಗಿಹಿಡಿದವರು ಬಿಡುವುದರೊಳಗೆ ಮುಗಿದಿರುತ್ತದೆ. ತಮ್ಮನಿಗೆ ಗಡ್ಡದಲ್ಲಿ ಬಿಳಿ ಕೂದಲು ಕಾಣಿಸಿಕೊಂಡಿದ್ದರೂ ಅವಳ ಬಾಯಲ್ಲಿ ಅವನಿನ್ನೂ ಪುಟ್ಟನೇ.

ಹಿಂದಿನ ರೇಸಿನಲ್ಲಿ ಅವನು ಕೂದಲೆಳೆಯ ಅಂತರದಲ್ಲಿ ಸೋತಿದ್ದ. ಸೋಲಿಗೆ ಕಾರಣ ಕ್ಯಾಮ್‌ಶಾಫ್ಟ್ ಎಂದು ಅವನೇ ತೀರ್ಪು ಕೊಟ್ಟುಬಿಟ್ಟ. ಕ್ಯಾಮ್‌ಶಾಫ್ಟ್ ಅಂದರೆ ಮೈಮೇಲೆ ಉಬ್ಬುಗಳಿರುವ ಉಕ್ಕಿನ ದಂಡ. ಅದು ತಿರುಗಿದಂತೆಲ್ಲ ಉಬ್ಬುಗಳು ವಾಲ್ವ್‌ಗಳನ್ನು ಒತ್ತಿ ತೆರೆಯುತ್ತವೆ, ಸ್ಪ್ರಿಂಗುಗಳು ಅವನ್ನು ಮತ್ತೆ ಮುಚ್ಚುತ್ತವೆ. ಇಂಜಿನ್ ಎಷ್ಟು ಉಸಿರೆಳೆಯಬೇಕೆಂದು ನಿರ್ಧರಿಸುವುದೇ ಅದು.

"ಅಕ್ಕಾ, ಈ ಸಲ ದೊಡ್ಡ ಕ್ಯಾಮ್ ಹಾಕು. ಇರೋದ್ರಲ್ಲೇ ದೊಡ್ಡದು."

"ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಕಣೋ. ನಿನ್ನ ಕಾರು ತೂಕದ್ದು. ಹೊರಡುವಾಗ ಎಳೆಯೋ ಶಕ್ತಿ ಬೇಕು. ದೊಡ್ಡ ಕ್ಯಾಮ್ ಕೊನೇಲಿ ಹಾರುತ್ತೆ, ಮೊದಲಲ್ಲಿ ಮಲಗುತ್ತೆ. ಅದಕ್ಕೆ ತಕ್ಕ ಸ್ಪ್ರಿಂಗ್ ಬೇಕು, ಪಿಸ್ಟನ್ ಬೇಕು, ಗೇರೂ ಬದಲಾಯಿಸಬೇಕು."

"ಎಲ್ಲಾ ಬದಲಾಯಿಸು ಮತ್ತೆ!"

ಅವಳು ಬದಲಾಯಿಸಬಹುದಿತ್ತು. ಆದರೆ ಹಳೆಯದಕ್ಕಿಂತ ಒಂದು ಕೈ ಮೇಲಿನ, ನಡುವಣ ಕ್ಯಾಮ್ ಒಂದನ್ನು ಆರಿಸಿದಳು. ಪಿಸ್ಟನ್ನಿನ ತಲೆಗೆ ಮಕ್ಕಳಾಡುವ ಜೇಡಿಮಣ್ಣು ಮೆತ್ತಿ, ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಮಣ್ಣನ್ನು ಕುಯ್ದು ದಪ್ಪ ಅಳೆದಳು. ವಾಲ್ವ್ ಬಂದು ಪಿಸ್ಟನ್ನಿಗೆ ತಾಗದಷ್ಟು ಜಾಗವಿತ್ತು. ಕಾರಿಗೆ ಅದೇ ಸರಿಯಾದ ಕ್ಯಾಮ್ ಎಂದು ಯಾರ ಮುಂದೆ ಬೇಕಾದರೂ ವಾದಿಸಬಲ್ಲಳು. ಆದರೆ ಅದರಲ್ಲಿ ಲೆಕ್ಕ ಎಷ್ಟು, ತಮ್ಮ ಇನ್ನೂ ಜೋರಾಗಿ ಓಡಿಸಿಯಾನೆಂಬ ಭಯ ಎಷ್ಟು ಎಂಬುದು ಅವಳಿಗೇ ಗೊತ್ತಿರಲಿಲ್ಲ.

ರೇಸಿನ ದಿನ ಮೈದಾನಕ್ಕೆ ಕಾಲಿಟ್ಟಾಗಲೇ ಅವಳಿಗೆ ಆ ಸದ್ದು ಕೇಳಿಸಿತು. ಸಾಲಿನಲ್ಲಿ ನಿಂತಿದ್ದ ತಮ್ಮನ ಕಾರು ಗಡಗಡ ನಡುಗುತ್ತ, ಮುಗ್ಗರಿಸುತ್ತ ಗುಡುಗುತ್ತಿತ್ತು. ಅವಳು ಕಟ್ಟಿದ ಇಂಜಿನ್ನಿನ ದನಿ ಅದಲ್ಲ. ಓಡಿಹೋಗಿ ಕಿಟಕಿಗೆ ಬಡಿದಳು.

"ಪುಟ್ಟಾ, ಕ್ಯಾಮ್ ಬದಲಾಯಿಸಿದ್ಯಾ?"

ಹೆಲ್ಮೆಟ್ಟಿನೊಳಗೆ ಅವನ ಕಣ್ಣುಗಳು ನಕ್ಕವು. "ಗೆಳೆಯನ ಗ್ಯಾರೇಜಲ್ಲಿ ಹಾಕಿಸ್ದೆ. ಕೇಳು, ಹೆಂಗೆ ಗುಡುಗ್ತಿದೆ!"

"ಸ್ಪ್ರಿಂಗು?"

"ಹಳೇದೇ ಸಾಕು ಅಂದ."

"ಇಳಿಯೋ. ದಮ್ಮಯ್ಯ, ಇಳಿ."

ಸಾಲು ಮುಂದೆ ಸರಿಯಿತು. ಕಾರೂ ಸರಿಯಿತು. ಅವಳು ತಪಾಸಣೆಯವನ ಬಳಿ ಓಡಿದಳು. ಅವನು ಬೆಲ್ಟ್ ನೋಡಿದ್ದ, ಹೆಲ್ಮೆಟ್ ನೋಡಿದ್ದ, ಎಣ್ಣೆ ಸೋರುತ್ತಿಲ್ಲವೆಂದು ಬಗ್ಗಿ ನೋಡಿದ್ದ. "ಇಂಜಿನ್ ಹೊಟ್ಟೆ ಒಳಗೆ ಏನಿದೆ ಅಂತ ನೋಡೋದು ನಮ್ಮ ಕೆಲಸ ಅಲ್ಲಮ್ಮಾ," ಎಂದ. ಅವನದೂ ತಪ್ಪಲ್ಲ. ಅವಳು ಕಂಬಿ ಹಿಡಿದು ನಿಂತಳು. ಮಾಡಲು ಬೇರೇನೂ ಉಳಿದಿರಲಿಲ್ಲ.

ಹೊರಡುವಾಗ ಕಾರು ಮಲಗಿತು, ಅವಳು ಹೇಳಿದ್ದ ಹಾಗೆಯೇ. ಅರ್ಧ ದಾರಿಯಲ್ಲಿ ಎದ್ದು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಯಿತು. ಜನ ಕೂಗಿದರು. ಆ ವೇಗಕ್ಕೆ ಹಳೆಯ ಸ್ಪ್ರಿಂಗುಗಳು ವಾಲ್ವ್‌ಗಳನ್ನು ಸಮಯಕ್ಕೆ ಮುಚ್ಚಲಾರದೆ ಹೋದವು. ಪಿಸ್ಟನ್ ಬಂದು ಒಂದಕ್ಕೆ ಗುದ್ದಿತು. ಟಪ್ಪೆಂದು ಒಂದು ಸದ್ದು. ಕೂಗಾಟದ ನಡುವೆ ಅದು ಕೇಳಿಸಿದ್ದು ಬಹುಶಃ ಅವಳೊಬ್ಬಳಿಗೇ. ಮರುಕ್ಷಣ ಇಂಜಿನ್ ಒಡೆದು, ಎಣ್ಣೆ ಹಿಂದಿನ ಚಕ್ರಕ್ಕೆ ಚೆಲ್ಲಿ, ಕಾರು ಅಡ್ಡಡ್ಡ ಜಾರುತ್ತ ಗೋಡೆಗೆ ಬಡಿಯಿತು.

ಜೀವ ಉಳಿಯಿತು. ಬಲಗಾಲಿನ ಮೂಳೆ ಚೂರಾಗಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

"ಬೇಡ ಅನ್ನೋಕೆ ನಿನಗೆ ಬಾಯಿರ್ಲಿಲ್ವಾ?"

"ಅಂದೆ ಅಮ್ಮಾ."

"ಇನ್ನೂ ಗಟ್ಟಿಯಾಗಿ ಅನ್ಬೇಕಿತ್ತು."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅವನು ಕೇಳಿದ ಕ್ಯಾಮನ್ನೇ, ತಕ್ಕ ಸ್ಪ್ರಿಂಗ್ ಪಿಸ್ಟನ್ ಜೋಡಿಸಿ ಕೊಟ್ಟಿದ್ದರೆ ಅವನು ಇನ್ನೊಬ್ಬರ ಬಾಗಿಲಿಗೆ ಹೋಗುತ್ತಿದ್ದನೇ? ಹಾಗೆ ಕೊಟ್ಟಿದ್ದರೆ ಇನ್ನೂ ವೇಗವಾಗಿ ಹೋಗಿ ಇನ್ನೆಲ್ಲಿ ಬಡಿಯುತ್ತಿದ್ದನೋ. ಅತ್ತ ದರಿ, ಇತ್ತ ಪುಲಿ.

ಕೋಲೂರಿ ನಡೆಯುವಂತಾದ ಮೇಲೆ ತಮ್ಮ ಗ್ಯಾರೇಜಿಗೆ ಬಂದ. ಒಡೆದ ಇಂಜಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತ.

"ನಿನ್ನ ಮಾತು ಕೇಳ್ಬೇಕಿತ್ತು ಅಕ್ಕಾ."

ಅವಳಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಅವನೇ ಅಂದ: "ಈ ಸಲ ನೀನೇ ಕಟ್ಟು. ಸ್ಪ್ರಿಂಗು, ಪಿಸ್ಟನ್ನು, ಗೇರು, ನೀನು ಹೇಳಿದ್ದೇ ಆಗ್ಲಿ. ಕ್ಯಾಮ್ ಮಾತ್ರ ದೊಡ್ಡದಿರಲಿ."

"ನಾನು ಕಟ್ಟಲ್ಲ."

"ಸರಿ ಬಿಡು," ಎಂದ, ಸಿಟ್ಟಿಲ್ಲದೆ. "ಬೇರೆಯವರನ್ನ ಕೇಳ್ತೀನಿ."

ಅವನು ಬಾಗಿಲು ದಾಟುವ ಮೊದಲೇ ಅವಳು ಕರೆದಳು. "ಎಲ್ಲಿಗೂ ಹೋಗ್ಬೇಡ. ನೀನು ಕೇಳಿದ ಕ್ಯಾಮೇ ಹಾಕಿ ನಾನೇ ಕಟ್ತೀನಿ."

ಆ ಇಂಜಿನ್ನಿನಷ್ಟು ಚೊಕ್ಕವಾದ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಮೊದಲ ಸಲ ಚಾಲೂ ಮಾಡಿದಾಗ ಬೀದಿಯ ಮೆಕ್ಯಾನಿಕ್‌ಗಳೆಲ್ಲ ಕೆಲಸ ಬಿಟ್ಟು ಬಂದು ಚಪ್ಪಾಳೆ ತಟ್ಟಿದರು. ಅವಳು ಒಳಗೆ ಹೋಗಿ ನಲ್ಲಿ ಬಿಟ್ಟು, ಜಿಡ್ಡು ಪೂರ್ತಿ ಹೋದ ಮೇಲೂ ಕೈ ತೊಳೆಯುತ್ತಲೇ ಇದ್ದಳು.

ಈಗ ಅವನು ಗೆಲ್ಲುತ್ತಾನೆ. ರೇಸಿನ ದಿನ ಅವಳು ಮೈದಾನಕ್ಕೆ ಹೋಗುವುದಿಲ್ಲ. ಅಮ್ಮನ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂರುತ್ತಾಳೆ. ಅಮ್ಮ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾಳೆ. ಅವನ ಫೋನು ಬರುವವರೆಗೆ ನಲ್ಲಿ ನಿಲ್ಲುವುದಿಲ್ಲ.